ಮಿರ್ಜಾನದ ಮೂರು ಬಗೆಯ ವಾಕ್ಯಗಳು

ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ನನಗೆ ನಗಲು ಬೇರೆ ಕಾರಣ ಬೇಕಾಗಿಲ್ಲ, ಏನಾದರೊಂದು ನಡೆಯುತ್ತಲೇ ಇರುತ್ತದೆ. ಆದರೆ ಹೋದ ವರ್ಷ ನನ್ನನ್ನು ನಗಿಸಿದ್ದೂ ಹೆದರಿಸಿದ್ದೂ ಶಾಲೆಯ ಮಕ್ಕಳಲ್ಲ, ಮಿರ್ಜಾನದಲ್ಲಿ ನಮ್ಮ ಪಕ್ಕದ ಮನೆಯ ಅಕ್ಕ. ಊರಿನ ಅಂಗನವಾಡಿಯಲ್ಲಿ ಸಹಾಯಕಿ ಕೆಲಸ ಖಾಲಿಯಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಅಕ್ಕನಿಗೆ ಇಂಗ್ಲಿಷ್ ಒಂದೇ ಬಾಕಿ. ಪಾಠ ನನ್ನ ತಲೆಗೆ ಬಿತ್ತು, ನಾನು ಅವಳಿಗೆ 'ಅಕ್ಕೋರು', ಅಂದರೆ ಟೀಚರು, ಆದೆ.

೧. ಊಟ ಆತಾ?

ಮೊದಲ ಪಾಠ ಸಿಂಪಲ್ ವಾಕ್ಯ. ಒಬ್ಬರು, ಒಂದು ಕೆಲಸ, ಮುಗಿಯಿತು. 'ಐ ಏಟ್' ಎಂದು ಬರೆದು ತೋರಿಸಿದೆ.

"ಮುಂದೆ ಎಂತ?" ಎಂದಳು ಅಕ್ಕ.

"ಮುಂದೆ ಎಂತದೂ ಇಲ್ಲ. ನಾನು ಊಟ ಮಾಡಿದೆ, ಅಷ್ಟೇ."

"ಅಯ್ಯೋ ಅಕ್ಕೋರೆ! ನಂದು ಊಟ ಆತು ಹೇಳಿ ಸುಮ್ನೆ ಕೂತ್ಕಳೂದಾ? ಎದ್ರಿಗಿದ್ದವ್ರಿಗೆ ಬನ್ನಿ, ಉಣ್ಣಿ ಹೇಳೂದು ಬ್ಯಾಡ್ವಾ?"

ಹೇಳಿದವಳೇ ಪಕ್ಕದಲ್ಲಿ 'ಆ್ಯಂಡ್ ಯೂ ಕಮ್ ಈಟ್' ಎಂದು ಸೇರಿಸಿದಳು. ಎರಡು ವಾಕ್ಯಗಳನ್ನು 'ಆ್ಯಂಡ್' ಹಾಕಿ ಜೋಡಿಸಿದರೆ ಅದು ಕಾಂಪೌಂಡ್ ವಾಕ್ಯ. ಕಲಿಸದೆಯೇ ಕಾಂಪೌಂಡ್ ಬಂತು. ಎಷ್ಟು ಕಲಿಸಿದರೂ ಬಾರದೇ ಹೋದದ್ದು ಸಿಂಪಲ್.

೨. ಅಧೀನರು

ಕಾಂಪ್ಲೆಕ್ಸ್ ವಾಕ್ಯಕ್ಕೆ ನಾನು ಹೆದರಿದ್ದೆ. "ಇದರಲ್ಲಿ ಒಂದು ಮುಖ್ಯ ವಾಕ್ಯ, ಅದು ತನ್ನಷ್ಟಕ್ಕೆ ನಿಲ್ಲುತ್ತದೆ. ಇನ್ನೊಂದು ಅಧೀನ ವಾಕ್ಯ. ಮುಖ್ಯದ ಜೊತೆ ಇಲ್ಲದಿದ್ದರೆ ಅದು ಅರ್ಧಕ್ಕೇ ನಿಲ್ಲುತ್ತದೆ" ಎನ್ನುತ್ತಿದ್ದೆ. ಬಚ್ಚಲಿನಿಂದ ಅವಳ ಗಂಡ ಕೂಗಿದರು: "ಏ, ನನ್ನ ಟವೆಲ್ ಎಲ್ಲದೆ?"

"ತಿಳೀತು ಅಕ್ಕೋರೆ" ಎಂದಳು ಅಕ್ಕ.

ನನ್ನ ಪಾಠವೂ ಅವಳ ಮಾತೂ ಗಂಡನ ಕಿವಿಗೂ ಬಿತ್ತು. ಮರುದಿನ ಸಿಟ್ಟಿನಲ್ಲಿ ತಾವೇ ಬಂಗಡೆ ಮೀನಿನ ಸಾರು ಮಾಡಲು ಹೊರಟರು. ಉಪ್ಪು ಎಲ್ಲಿ, ಹುಳಿ ಎಲ್ಲಿ, ಸೌಟು ಎಲ್ಲಿ ಎಂದು ಒಳಗಿನಿಂದ ಪ್ರಶ್ನೆಗಳು ಬರುತ್ತಲೇ ಇದ್ದವು. ನಾನು ಪಾಠ ಮುಂದುವರಿಸಲು ಪುಸ್ತಕ ತೆರೆದೆ.

"ಇವತ್ತು ಬ್ಯಾಡ ಅಕ್ಕೋರೆ. ಉದಾಹರಣೆ ಬೇಕಾದಷ್ಟು ಆತು."

೩. ಚುಕ್ಕಿಯ ಆಚೆ

ಪರೀಕ್ಷೆ ಕುಮಟೆಯಲ್ಲಿ. ನಾನು ಗೇಟಿನ ಹೊರಗೆ ಉಗುರು ಕಚ್ಚುತ್ತ ನಿಂತಿದ್ದೆ. ಅಕ್ಕ ನಗುತ್ತಲೇ ಬಂದಳು.

"ಮೂರು ಬಗೆ ವಾಕ್ಯನೂ ಕೇಳಿದ್ರು. ಬರ್ದೆ."

"ಸಿಂಪಲ್?"

"ಐ ಏಟ್."

"ಆಮೇಲೆ?"

"ಚುಕ್ಕಿ."

ನನಗೆ ಅವಳನ್ನು ಅಪ್ಪಿಕೊಳ್ಳುವಷ್ಟು ಖುಷಿಯಾಯಿತು.

"ಆದ್ರೆ ಮನಸ್ಸು ತಡೀಲಿಲ್ಲ ಅಕ್ಕೋರೆ. ಪೇಪರ್ ನೋಡೋರು ಎಂತ ತಿಳ್ಕಂತ್ರು? ಕಡೆಗೆ ಕನ್ನಡದಲ್ಲಿ ಬರ್ದೆ: 'ಪರೀಕ್ಷೆಗೆ ಬೇಕು ಹೇಳಿ ಅಷ್ಟೇ ಬರ್ದದ್ದು, ಬೇಜಾರು ಮಾಡ್ಕಬ್ಯಾಡಿ. ಮಿರ್ಜಾನ ಬದಿಗೆ ಬಂದ್ರೆ ನಮ್ಮನೇಲಿ ಉಂಡೇ ಹೋಗ್ಬೇಕು.'"

ಉತ್ತರಪತ್ರಿಕೆಯಲ್ಲಿ ಊರು, ಗುರುತು ಬರೆದರೆ ಪೇಪರೇ ರದ್ದಾಗಬಹುದು. ಕೆಲಸ ಕೈತಪ್ಪಿತು ಎಂದುಕೊಂಡೆ, ಆದರೆ ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಫಲಿತಾಂಶ ಬರುವ ತನಕ ಅವಳು ಊಟಕ್ಕೆ ಕರೆದಾಗಲೆಲ್ಲ ಏನಾದರೊಂದು ನೆಪ ಹೇಳಿ ತಪ್ಪಿಸಿಕೊಂಡೆ.

ಅಕ್ಕ ಪಾಸಾದಳು! ಪೇಪರ್ ನೋಡಿದ ಪುಣ್ಯಾತ್ಮರು ಕಂಡೂ ಕಾಣದಂತೆ ಬಿಟ್ಟಿರಬೇಕು. ಅಬ್ಬಾ, ಎದೆ ಹಗುರಾಯಿತು. ಅಂಗನವಾಡಿಯ ಕೆಲಸದ ಆದೇಶ ಕೈಗೆ ಬಂದ ಮೇಲೆಯೇ ನಾನು ಅವಳಿಗೆ ನಿಜ ಹೇಳಿದ್ದು: "ಆ ಒಂದು ಸಾಲಿನಿಂದ ಎಲ್ಲಾ ಹೋಗುತ್ತಿತ್ತು, ಗೊತ್ತಾ? ಪೇಪರ್ ನೋಡಿದವರು ಓದಿಯೂ ಬಿಟ್ಟುಕೊಟ್ಟಿದ್ದಾರೆ."

ಅಕ್ಕ ಕೆನ್ನೆಗೆ ಕೈ ಹಚ್ಚಿದಳು.

"ಹಂಗಾರೆ ಅವ್ರು ಓದಿದ್ದು ಖರೆ. ಮತ್ತೆ ಊಟಕ್ಕೆ ಯಾಕೆ ಬರ್ಲಿಲ್ಲ? ಮೀನು ತಿನ್ನೂದಿಲ್ವೇನ. ತರಕಾರಿ ಸಾರೂ ಮಾಡ್ತೆ ಹೇಳಿ ಬರೀಬೇಕಾಗಿತ್ತು, ಅಕ್ಕೋರೆ!"