ಫೋನ್ ಹಿಡಿದುಕೊಂಡು ನಿಂತ ಹತ್ತು ದಿನ

ಫೋನಿನಲ್ಲಿ ಮಾತನಾಡುವುದು ಸುಲಭ. ಬೇರೆಯವರು ಮಾತನಾಡಲೆಂದು ಫೋನ್ ಹಿಡಿದುಕೊಂಡು ನಿಲ್ಲುವುದಿದೆಯಲ್ಲ, ಅದಕ್ಕೆ ಬೇರೆಯೇ ಸಹನೆ ಬೇಕು. ಆ ಸಹನೆ ನನಗಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಮೂವತ್ತೊಂದು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದು ನಿವೃತ್ತನಾದವನು. ಹುಡುಗರು ನವಿಲು ಬರೆಯಲು ಹೋಗಿ ಪೊರಕೆ ಬರೆದರೂ ತಡೆದುಕೊಂಡವನು. ಆದರೆ ಹೋದ ಬೇಸಿಗೆಯಲ್ಲಿ ಮಕ್ಕಳ ಶಿಬಿರವೊಂದರಲ್ಲಿ ತಂದೆತಾಯಿಗಳು ನನ್ನಿಂದ ಮಾಡಿಸಿದ ಚಾಕರಿಯನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಶಿಬಿರ ಇದ್ದದ್ದು ಲಿಂಗಸುಗೂರಿನ ಹೊರಗೆ, ರಜೆಯಲ್ಲಿ ಖಾಲಿ ಬಿದ್ದಿದ್ದ ಹಾಸ್ಟೆಲೊಂದರಲ್ಲಿ. ನಡೆಸುವವನು ನನ್ನದೇ ಹಳೆಯ ವಿದ್ಯಾರ್ಥಿ ಬಸವರಾಜ. "ಸರ್, ನೀವು ಬಂದು ಹುಡುಗರಿಗೆ ಚಿತ್ರ ಕಲಿಸಬೇಕ್ರಿ, ಹತ್ತು ದಿನ ಅಲ್ಲೇ ಇರಬೇಕ್ರಿ" ಎಂದು ಮನೆಗೇ ಬಂದು ಕರೆದ. ಕುಂಚ, ಬಣ್ಣ, ಹಾಳೆ ಎಲ್ಲ ಕಟ್ಟಿಕೊಂಡು ಹೋದೆ. ಹೋದ ಮೊದಲ ದಿನವೇ ಅವನು ನನ್ನ ಕೈಗೆ ಕುಂಚ ಕೊಡುವ ಬದಲು ಗುಂಡಿ ಒತ್ತುವ ಹಳೆಯ ಫೋನೊಂದನ್ನು ಕೊಟ್ಟ. ಮಕ್ಕಳ ಹತ್ತಿರ ಮೊಬೈಲ್ ಇರುವಂತಿಲ್ಲ, ಇಡೀ ಶಿಬಿರಕ್ಕೆ ಇದೊಂದೇ ಫೋನು, ಸಂಜೆ ಐದರಿಂದ ಆರೂವರೆಯವರೆಗೆ ಮಾತ್ರ, ಒಬ್ಬೊಬ್ಬರಿಗೆ ಎರಡೇ ನಿಮಿಷ ಎಂಬುದು ನಿಯಮ. "ಅದನ್ನ ನನಗ್ಯಾಕೋ ಕೊಡ್ತಿ?" ಎಂದರೆ, "ನಿಮ್ಮ ದನಿ ಗಟ್ಟಿ ಐತಲ್ರಿ ಸರ್, ಹೆಸರು ಕೂಗಿದ್ರ ಮೈದಾನದ ತನಕಾ ಕೇಳತೈತಿ" ಎಂದ. ಮೂವತ್ತೊಂದು ವರ್ಷ ಅವನಂಥವರ ಮೇಲೆ ಕೂಗಿ ಕೂಗಿ ಗಟ್ಟಿ ಮಾಡಿಕೊಂಡ ದನಿ ಅದು.

ಸಂಜೆ ಐದು ಎಂದರೆ ಐದೇ ಎಂದು ಯಾರು ತಿಳಿದುಕೊಳ್ಳುತ್ತಾರೆ? ಬೆಳಿಗ್ಗೆ ನಾನು ಹಲ್ಲುಜ್ಜುತ್ತಿರುವಾಗಲೇ ಮುದಗಲ್ಲಿನ ತಾಯಿಯೊಬ್ಬಳ ಫೋನು. "ಸರ್, ನಮ್ಮ ಹುಡುಗ ಎದ್ದಾನೇನ್ರಿ? ಎದ್ದರ ಏನು ಮಾಡಾಕತ್ತಾನ? ತಲಿಗೆ ಎಣ್ಣಿ ಹಚ್ಚ್ಯಾರೇನ್ರಿ?" ಬಾಯಿ ತುಂಬ ಪೇಸ್ಟು ಇಟ್ಟುಕೊಂಡು ಎಣ್ಣೆಯ ಬಗ್ಗೆ ನಾನೇನು ಹೇಳಲಿ? "ಊಂ" ಎಂದೆ. "ಯಾಕ್ರಿ ಹಂಗಂತೀರಿ? ಜ್ವರ ಬಂದಾವೇನ್ರಿ ಅವಗ?" ಎಂದು ಆಕೆ ಅತ್ತೇಬಿಟ್ಟಳು. ಆ ಹುಡುಗನೋ, ಫೋನಿಗೆ ಬಾ ಎಂದರೆ ಖೊಖೊ ಬಿಟ್ಟು ಬರಲೊಲ್ಲ. ಬಂದರೂ ಎರಡೇ ಮಾತು: "ಹೂಂ ಬೇ. ಇಡ್ಲೇನು?" ಉಳಿದ ಒಂದೂ ಮುಕ್ಕಾಲು ನಿಮಿಷ ಆಕೆ ನನ್ನನ್ನು ವಿಚಾರಣೆ ಮಾಡುತ್ತಿದ್ದಳು. ಸಾರು ಖಾರ ಇದೆಯಂತಲ್ಲ, ಅನ್ನ ಮುದ್ದೆ ಆಗಿತ್ತಂತಲ್ಲ, ಎಂದೆಲ್ಲ. ಸೌಟು ಹಿಡಿದವನು ನಾನೇ ಎಂಬಂತೆ!

ಇದಕ್ಕಿಂತ ಹೆಚ್ಚಿನದು ಪಾಮನಕಲ್ಲೂರಿನ ಅಜ್ಜಿಯದು. ಮೂರನೆಯ ದಿನ ಫೋನ್ ಮಾಡಿ, "ಮಾಸ್ತರ್ರೀ, ನಮ್ಮ ಎಮ್ಮಿ ಈದೈತ್ರಿ. ನನ್ನ ಮೊಮ್ಮಗಗ ಕರು ಒದರೂದು ಕೇಳಸ್ರಿ, ಎಮ್ಮಿ ಈಯೂ ಮೊದಲ ಕಳಸೀರಿ ಅಂತ ಅತ್ತಾನ ಅಂವ" ಎಂದಳು. ಮೊಮ್ಮಗನನ್ನು ಕರೆದು ಸ್ಪೀಕರ್ ಹಾಕಿ ಹಿಡಿದೆ. ಆ ಕಡೆ ಅಜ್ಜಿ ಫೋನನ್ನು ಕರುವಿನ ಮೂತಿಗೆ ಹಿಡಿದಿದ್ದಾಳೆ. ಈ ಕಡೆ ನಾನು, ಮೊಮ್ಮಗ, ಅವನ ಹಿಂದೆ ಹನ್ನೆರಡು ಹುಡುಗರು ಉಸಿರು ಬಿಗಿಹಿಡಿದಿದ್ದೇವೆ. ಕರು ಒದರಲೊಲ್ಲದು. "ಜರಾ ತಡೀರಿ, ಈಗ ಒದರತೈತಿ" ಎನ್ನುತ್ತಾಳೆ ಅಜ್ಜಿ. ಒಂದು ಎಮ್ಮೆಗರುವಿನ ಅಪ್ಪಣೆಗಾಗಿ ಏಳು ನಿಮಿಷ ಕೈ ಎತ್ತಿಕೊಂಡು ನಿಂತಿದ್ದೆ. ಕೊನೆಗೆ ಬೇಸತ್ತು ಅಜ್ಜಿಯೇ "ಅಂಬಾ" ಎಂದಳು. ಹುಡುಗರು ಚಪ್ಪಾಳೆ ತಟ್ಟಿದರು. ನಿಯಮ ಮುರಿದೆನೆಂದು ಬಸವರಾಜ ನನ್ನನ್ನೇ ತರಾಟೆಗೆ ತೆಗೆದುಕೊಂಡ.

ಇಷ್ಟೆಲ್ಲ ಗದ್ದಲದ ನಡುವೆ ಒಂದೇ ಒಂದು ಹುಡುಗಿಗೆ ಫೋನು ಬರುತ್ತಿರಲಿಲ್ಲ. ವಳಕಮದಿನ್ನಿಯ ಸುಜಾತಾ, ಹನ್ನೊಂದು ವರ್ಷದವಳು. ಅಪ್ಪ ಬಸ್ ಕಂಡಕ್ಟರ್, ಅವ್ವ ಮನೆಯಲ್ಲಿ ಬಟ್ಟೆ ಹೊಲಿಯುತ್ತಾಳೆ ಎಂದು ಅರ್ಜಿಯಲ್ಲಿ ಬರೆದಿತ್ತು. ಸಂಜೆ ಐದಾಯಿತೆಂದರೆ ಅವಳು ಕಟ್ಟೆಯ ಮೂಲೆಯಲ್ಲಿ ಕುಳಿತು ಉಳಿದವರು ಮಾತನಾಡುವುದನ್ನು ನೋಡುತ್ತಿದ್ದಳು. ಕಿವಿಗೊಡುತ್ತಿರಲಿಲ್ಲ, ನೋಡುತ್ತಿದ್ದಳು. ನನಗೋ ಆ ತಾಯಿಯ ಮೇಲೆ ಎಲ್ಲಿಲ್ಲದ ಸಿಟ್ಟು. ಕರುವಿನ ಹತ್ತಿರ ಫೋನ್ ಹಿಡಿಯುವ ಅಜ್ಜಿಯರಿರುವ ಸೀಮೆಯಲ್ಲಿ, ಹೆತ್ತ ಮಗಳಿಗೆ ಎರಡು ನಿಮಿಷ ಕೊಡಲಾಗದ ಇವಳೆಂಥ ತಾಯಿ! ಅಷ್ಟೇನು ಹೊಲಿಯುವುದಿರುತ್ತದೆ ಅವಳಿಗೆ!

ಐದನೆಯ ದಿನ ತಡೆಯದೆ ಒಂದು ಸುಳ್ಳು ಹೇಳಿದೆ. "ಸುಜಾತಾ, ಮಧ್ಯಾಹ್ನ ನಿಮ್ಮವ್ವ ಫೋನ್ ಮಾಡಿದ್ಲವಾ. ನೀ ಆಟದಾಗಿದ್ದಿ. ಹುಷಾರಾಗಿರು, ಚಂದಾಗಿ ಉಣ್ಣು ಅಂತ ಹೇಳ್ರಿ ಅಂದ್ಲು."

ಅವಳು ನನ್ನ ಮುಖ ನೋಡಿದಳು. "ನಮ್ಮವ್ವಾನ ಅಂದ್ಲೇನ್ರಿ ಸರ್?"

"ಹೂಂ ಮತ್ತ. ಅಕೀನ ಅಂದ್ಲು."

"ಬಾಯಿಲೆ ಅಂದ್ಲೇನ್ರಿ?"

"ಬಾಯಿಲೇ ಅನ್ನದ ಇನ್ನೇನವಾ?"

ಸುಜಾತಾ ನನಗೆ ನೋವಾಗಬಾರದೆಂಬಂತೆ ಮೆಲ್ಲಗೆ ಹೇಳಿದಳು: "ನಮ್ಮವ್ವಗ ಮಾತು ಬರಂಗಿಲ್ರಿ ಸರ್. ಕಿವೀನೂ ಕೇಳಂಗಿಲ್ಲ. ಹುಟ್ಟಿದಾಗಿಂದ."

ಉಳಿದದ್ದನ್ನೂ ಅವಳಿಂದಲೇ ಕೇಳಿ ತಿಳಿದೆ. ಅಪ್ಪನಿಗೆ ಸಂಜೆಯ ಪಾಳಿ, ಬಸ್ಸಿನಲ್ಲಿ ಟಿಕೆಟ್ ಹರಿಯುವ ಹೊತ್ತು. ಅವ್ವನೊಡನೆ ಮಾತನಾಡಬೇಕೆಂದರೆ ಮುಖ ಕಾಣಬೇಕು, ಕೈ ಕಾಣಬೇಕು. ನನ್ನ ಕೈಲಿದ್ದ ಫೋನಿಗೆ ಕಣ್ಣೇ ಇಲ್ಲ. ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಸಿಟ್ಟಿಗೇಳುವುದು ನನ್ನ ಹಳೆಯ ಚಟ. ನೇರ ಬಸವರಾಜನ ಕೋಣೆಗೆ ಹೋದೆ.

"ಅಲ್ಲೋ, ಅರ್ಜಿಯಾಗ ಚಪ್ಪಲಿ ಅಳತಿ ಕೇಳೀದಿ. ತಾಯಿಗೆ ಮಾತು ಬರತೈತೋ ಇಲ್ಲೋ ಅಂತ ಕೇಳಾಕ ನಿನಗೇನಾಗಿತ್ತು? ನಾಳಿ ಈ ಹುಡುಗಿಗೆ ವಿಡಿಯೋ ಕಾಲ್ ಮಾಡಸ್ತೀನಿ, ನನ್ನ ಫೋನಿನಾಗ."

"ಸರ್, ಒಬ್ಬರಿಗೆ ಕೊಟ್ರ ಎಲ್ಲಾರೂ ಕೇಳ್ತಾರ್ರಿ. ರೂಲ್ ಅಂದ್ರ ರೂಲ್ ಅಲ್ರಿ?"

"ಕಿವಿ ಇದ್ದವರಿಗಷ್ಟ ಮಾಡಿದ ರೂಲ್ ಅದು. ಮುರೀಲಿಲ್ಲಂದ್ರ ನಾಳಿ ಮುಂಜಾನೆ ಮೊದಲ ಬಸ್ಸಿಗೆ ನಾ ಸಿಂಧನೂರಿಗೆ ಹೋಗಾಂವ. ಆಮ್ಯಾಲ ಆ ಎಮ್ಮೀ ಅಜ್ಜಿ ಜೊತಿ ನೀನ ಮಾತಾಡಕೋ."

ಆ ಕೊನೆಯ ಮಾತಿಗೆ ಅವನು ಬೆದರಿದ. ಅವಳ ಅಪ್ಪನಿಗೆ ಹೇಳಿ ಮನೆಯಲ್ಲಿ ದೊಡ್ಡ ಫೋನ್ ಬಿಟ್ಟು ಡ್ಯೂಟಿಗೆ ಹೋಗುವಂತೆ ಏರ್ಪಾಡಾಯಿತು.

ಮರುದಿನ ಸಂಜೆ ನನ್ನ ಫೋನನ್ನು ಕಿಟಕಿಯ ಸರಳಿಗೆ ಒರಗಿಸಿ ನಿಲ್ಲಿಸಿದೆ, ಅವಳಿಗೆ ಎರಡೂ ಕೈ ಬೇಕಲ್ಲ. ಪರದೆಯ ಮೇಲೆ ಹೊಲಿಗೆ ಮಷೀನಿನ ಪಕ್ಕ ಕುಳಿತ ಹೆಂಗಸೊಬ್ಬಳು ಕಾಣಿಸಿದಳು, ಕೊರಳಲ್ಲಿ ಇನ್ನೂ ಅಳತೆ ಪಟ್ಟಿ ನೇತಾಡುತ್ತಿತ್ತು. ಮಗಳನ್ನು ಕಂಡವಳೇ ಎರಡೂ ಅಂಗೈಗಳಿಂದ ತನ್ನ ಕೆನ್ನೆ ಒತ್ತಿಕೊಂಡಳು. ಆಮೇಲೆ ಶುರುವಾಯಿತು ನೋಡಿ ಮಾತು! ಐದು ದಿನ ಮೂಲೆಯಲ್ಲಿ ಕುಳಿತಿದ್ದ ಹುಡುಗಿ ಕೈ, ಬೆರಳು, ಹುಬ್ಬು, ಭುಜ ಎಲ್ಲದರಿಂದ ಹರಟೆ ಹೊಡೆದಳು. ಕಾಲಿಗೆ ಮುಳ್ಳು ಚುಚ್ಚಿದ್ದು, ಖೊಖೊದಲ್ಲಿ ಗೆದ್ದದ್ದು, ಅನ್ನ ಮುದ್ದೆಯಾದದ್ದು, ಎಲ್ಲ ನನಗೂ ತಿಳಿಯಿತು. ಗಲಾಟೆ ಮಾಡುತ್ತಿದ್ದ ಹುಡುಗರು ಒಬ್ಬೊಬ್ಬರಾಗಿ ಬಂದು ಸುಮ್ಮನೆ ನಿಂತರು. ಎರಡು ನಿಮಿಷ ಎಂದು ಯಾರೂ ಕೂಗಲಿಲ್ಲ. ಕೂಗಬೇಕಾದ ನಾನೇ ಮುಖ ಬಿಗಿದುಕೊಂಡು ಅವಳ ಹಿಂದೆ ನಿಂತಿದ್ದೆ.

ಅಷ್ಟರಲ್ಲಿ ತಾಯಿ ಮಗಳ ಹೆಗಲ ಮೇಲಿಂದ ನನ್ನತ್ತ ಬೆರಳು ತೋರಿಸಿ, ಹುಬ್ಬು ಗಂಟಿಕ್ಕಿ ಏನೋ ಕೇಳಿದಳು. ಸುಜಾತಾ ಕಿಸಕ್ಕನೆ ನಕ್ಕಳು.

"ಏನಂತಾಳವಾ?"

"ಬ್ಯಾಡ್ರಿ ಸರ್."

"ಹೇಳವಾ."

"ಹಿಂದ ಸಿಟ್ಟಿಲೆ ನಿಂತಾರಲ್ಲ, ಅವರಿಗೆ ಮನಿಯಿಂದ ಯಾರೂ ಫೋನ್ ಮಾಡಿಲ್ಲೇನು ಅಂತ ಕೇಳಾಕತ್ತಾಳ್ರಿ."

ಹುಡುಗರೆಲ್ಲ ನನ್ನ ಕಡೆ ತಿರುಗಿದರು. ಲೆಕ್ಕ ಹಾಕಿದರೆ ನಿಜ. ಆರು ದಿನ ಊರವರ ಫೋನೆಲ್ಲ ಹಿಡಿದಿದ್ದೆ. ನನಗೆಂದು ಒಂದೂ ಬಂದಿರಲಿಲ್ಲ. ನಾನೂ ಮಾಡಿರಲಿಲ್ಲ ಎಂಬುದು ಬೇರೆ ಮಾತು. ಎಲ್ಲರೂ ಚದುರಿದ ಮೇಲೆ ಬೇವಿನ ಮರದ ಕೆಳಗೆ ಹೋಗಿ ಹೆಂಡತಿಗೆ ಫೋನ್ ಹಚ್ಚಿದೆ.

"ಏನಾತ್ರಿ?" ಎಂದಳು ಗಾಬರಿಯಿಂದ.

"ಏನಿಲ್ಲ, ಸುಮ್ಮನ ಮಾಡೀನಿ."

"ಸುಮ್ಮನ ಯಾಕ ಮಾಡೀರಿ? ಇನ್ನ ನಾಕ ದಿನ ಐತಲ್ರಿ ಅದು? ಇನ್ನಷ್ಟು ದಿನ ನಡಸಂಗಿಲ್ಲೇನು? ಮನಿ ಎಷ್ಟು ತಣ್ಣಗ ಐತಿ ಅಂತೀರಿ! ಇಡ್ರಿ, ಕುಕ್ಕರ್ ಸೀಟಿ ಹೊಡ್ಯಾಕತ್ತೈತಿ."

ನನಗೆ ಉರಿದುಹೋಯಿತು. ಮೂವತ್ತಾರು ವರ್ಷದ ಸಂಸಾರ, ಕುಕ್ಕರಿಗಿರುವ ಬೆಲೆ ನನಗಿಲ್ಲ! ಇನ್ನು ಫೋನ್ ಮಾಡಿದರೆ ಕೇಳು ಎಂದುಕೊಂಡೆ. ಮರುದಿನ ಐದು ಗಂಟೆಗೆ ಮೊದಲೇ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಆರು ಸಲ ಮಾಡಿದೆ. ಎಂಥ ಹೆಂಗಸು, ಇಷ್ಟು ದಿನವಾಯಿತು, ಗಂಡ ಉಂಡನೋ ಇಲ್ಲವೋ ಎಂಬ ಫಿಕರಾದರೂ ಬೇಡವೇ! ಏಳನೆಯ ಸಲ ಎತ್ತಿದಳು. ನಾನು ಬಾಯಿ ತೆರೆಯುವ ಮೊದಲೇ, ಬಹಳ ಸಮಾಧಾನದ ದನಿಯಲ್ಲಿ ಹೇಳಿದಳು:

"ಅಳಬ್ಯಾಡ್ರಿ. ಬಸವರಾಜ ಅಲ್ಲೇ ಅದಾನೇನು? ಅವಗೊಂಚೂರು ಫೋನ್ ಕೊಡ್ರಿ."