ಬಿಳಿಕೂದಲಿನ ಮುಕಾದಮ

ಜಮಖಂಡಿಯ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಹೆಚ್ಚು ಪ್ರಶ್ನೆ ಬರುವುದು ಕಾಲೇಜಿನ ಹೊರಗೆ. ಯಾರ ಮನೆಗೆ ಯಾವ ರಿಪೋರ್ಟು ಬಂದರೂ ಅರ್ಥ ಹೇಳಲು ಕರೆಯುತ್ತಾರೆ. ಡಾಕ್ಟರಲ್ಲ ಎಂದರೆ ವಿನಯ ಅಂದುಕೊಳ್ಳುತ್ತಾರೆ. ಬನಹಟ್ಟಿಯ ನೇಕಾರರ ಮನೆಯವರೂ ಹಾಗೆಯೇ ಕರೆದರು.

ಸುಣ್ಣ

ಆ ಮನೆಯ ಮಗಳು ಹೆರಿಗೆಗೆ ಬಂದಿದ್ದಳು. ಹುಟ್ಟಿದ ಕೂಸಿನ ಹಣೆಯ ಮೇಲೆ ಒಂದು ಜೊಂಪೆ ಬಿಳಿ ಕೂದಲು. "ಗ್ವಾಡಿ ಸುಣ್ಣ ಹತ್ತೇತಿ" ಎಂದು ಓಣಿಯ ಹೆಂಗಸರು ಮೂರು ದಿನ ತಿಕ್ಕಿದರಂತೆ. ನಾಲ್ಕನೆಯ ದಿನ ಅಜ್ಜ ಟೋಪಿ ತೆಗೆದ.

"ಹುಟ್ಟಿದಾಗ ನಂದೂ ಹಿಂಗ ಇತ್ತವಾ. ನಮ್ಮವ್ವ ಭಾಳ ತಿಕ್ಕಿದ್ಲು. ಅದು ಹೋಗ್ಲಿಲ್ಲ, ಉಳಿದದ್ದೂ ಬೆಳ್ಳಗಾತು."

ಮಗಳು ನಗಲಿಲ್ಲ. ಅಜ್ಜನಿಗೆ ಹುಟ್ಟಿನಿಂದ ಒಂದು ಕಿವಿ ಕೇಳಿಸದು. ಅವನಿಂದ ಅವಳಿಗೆ ಬಂದದ್ದು ಒಂದು ನೀಲಿ ಕಣ್ಣು ಮಾತ್ರ. ಕೂಸಿಗೆ ಎರಡೂ ಕಿವಿ ಕೇಳಿಸದಿದ್ದರೆ? ಪಕ್ಕದಲ್ಲೇ ಮಗ್ಗ ಖಡಖಡ ಎನ್ನುತ್ತಿದ್ದರೂ ಅದು ಮಿಸುಕದೆ ಮಲಗುತ್ತಿತ್ತು.

ಮುಕಾದಮ

ಕೂಸಿನ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಒಂದು ಜೀನಿನ ಹೆಸರಿತ್ತು.

"ಇದು ಟ್ರಾನ್ಸ್‌ಕ್ರಿಪ್ಶನ್ ಫ್ಯಾಕ್ಟರ್ ಅನ್ನೂದನ್ನ ತಯಾರಿಸ್ತೈತಿ," ಎಂದೆ. "ಕಬ್ಬು ಕಡಿಯೋ ಗ್ಯಾಂಗಿನ ಮುಕಾದಮ ಇದ್ದಂಗ ತಿಳೀರಿ. ತಾನು ಕುಡಗೋಲು ಹಿಡಿಯೂದಿಲ್ಲ. ಸುದ್ದಿ ಬಂದ ಕೂಡಲೆ ಯಾವ ಜೀನ್ ಏಳಬೇಕು, ಯಾವುದು ಸುಮ್ಮನ ಕೂಡಬೇಕು ಅಂತ ಹೇಳ್ತಾನ. ಬಣ್ಣದ ಜೀವಕೋಶ ಕೂದಲಿಗೂ ಹೋಗಬೇಕು, ಒಳಕಿವಿಗೂ ಹೋಗಬೇಕು. ಇಲ್ಲಿ ಮುಕಾದಮನ ಮಾತು ಪೂರ್ತಿ ಮುಟ್ಟಿಲ್ಲ. ಕಿವಿ ಏನಾಗೇತೋ ಪರೀಕ್ಷಾ ಮಾಡಿದ ಮ್ಯಾಲೇ ಗೊತ್ತು."

"ಹಂಗಾರ ಅವನ್ನ ಬಿಡಿಸಿ ಬ್ಯಾರೆವನ್ನ ಹಚ್ಚರಿ ಸರ್," ಎಂದ ಅಜ್ಜ.

"ಬಿಡಿಸಾಕ ಬರೂದಿಲ್ಲರಿ. ನಿಮ್ಮ ಕಡೆಯಿಂದನ ಬಂದಾನ."

ಅಜ್ಜ ಯೋಚಿಸಿ ಹೇಳಿದ: "ನಾ ಹಚ್ಚಿಲ್ಲರಿ. ನಮ್ಮಪ್ಪ ಹಚ್ಚಿರಬೇಕು. ಅಂವ ಯಾರನ್ನೂ ವಿಚಾರಿಸಿ ಹಚ್ಚತಿದ್ದಿಲ್ಲ."

ಸೀರೆ

ಕಿವಿಯ ಪರೀಕ್ಷೆಗೆ ಕೂಸು ಮಲಗಿರಬೇಕು. ಆಸ್ಪತ್ರೆಯ ಕೋಣೆ ಸಪ್ಪಳವಿಲ್ಲದ್ದು. ಕೂಸು ಒಂದೇ ಸಮ ಅತ್ತಿತು. ಹಾಲು ಕೊಟ್ಟರೂ ಇಲ್ಲ, ತೂಗಿದರೂ ಇಲ್ಲ. ಕಡೆಗೆ ಅಜ್ಜ ತಲೆಯ ಹತ್ತಿರ ಕುಳಿತು ಬಾಯಲ್ಲೇ ಮಗ್ಗದ ಸಪ್ಪಳ ಶುರು ಮಾಡಿದ: "ಖಟಕ್ ಪಟಕ್, ಖಟಕ್ ಪಟಕ್..."

ಕೂಸು ಮಲಗಿತು.

"ಅಜ್ಜಾರ, ಈಗ ಸುಮ್ಮನಾಗ್ರಿ," ಎಂದು ಡಾಕ್ಟರಮ್ಮ ಮಶೀನು ಹಿಡಿದರು. ಅಜ್ಜ ನಿಲ್ಲಿಸಿದ. ಕೂಸು ಕಣ್ಣು ಬಿಟ್ಟು ಚೀರಿತು. ಮತ್ತೆ ಖಟಕ್ ಪಟಕ್, ಮತ್ತೆ ನಿದ್ದೆ. ನಿಲ್ಲಿಸಿದರೆ ಮತ್ತೆ ಚೀರಾಟ. ಮೂರನೆಯ ಸಲ ಡಾಕ್ಟರಮ್ಮ ಮಶೀನು ಕೆಳಗಿಟ್ಟು ನಕ್ಕರು.

"ಕೇಳಸ್ತೈತಿ ಬಿಡ್ರಿ! ಮಗ್ಗ ನಿಂತಿದ್ದು ಅವಗ ಗೊತ್ತಾಗಾಕತ್ತೈತಿ."

"ಎರಡೂ ಕಿವಿ ರೀ?" ಮಗಳು ಎದ್ದು ನಿಂತಳು.

"ಅದನ್ನ ಮಶೀನ್ ಹೇಳಬೇಕವಾ. ಗಟ್ಟಿ ನಿದ್ದಿ ಹತ್ತಬೇಕು."

ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೊದಲ ಸಲ ನಕ್ಕಳು.

"ಯಪ್ಪಾ, ನಡುನಡುವ ನಿಲ್ಲಿಸಬ್ಯಾಡ. ಒಂದು ಪೂರಾ ಸೀರಿ ನೇಯಿ."