ರೂಟ್ ಶೀಟಿನ ಮೇಲೆ ನನ್ನ ಸಿಟ್ಟು

ಮನುಷ್ಯರ ಮೇಲೆ ಸಿಟ್ಟು ಬಂದರೆ ಅದನ್ನು ಹೇಗೋ ತೀರಿಸಿಕೊಳ್ಳಬಹುದು. ನಾವು ಬೈಯುತ್ತೇವೆ, ಅವರು ತಿರುಗಿ ಬೈಯುತ್ತಾರೆ, ನಾಲ್ಕು ದಿನ ಮಾತು ಬಿಟ್ಟು ಐದನೆಯ ದಿನ ಒಟ್ಟಿಗೆ ಕೂತು ಕಾಫಿ ಕುಡಿಯುತ್ತೇವೆ. ಆದರೆ ಒಂದು ಕಾಗದದ ಹಾಳೆಯ ಮೇಲೆ ಸಿಟ್ಟು ಬಂದರೆ ಏನು ಮಾಡುವುದು? ಹರಿದು ಹಾಕಿದರೆ ಇನ್ನೊಂದು ಪ್ರಿಂಟ್ ತೆಗೆದು ಕೈಗೆ ಕೊಡುತ್ತಾರೆ. ನಾನು ಎರಡು ಸಲ ಹರಿದು ನೋಡಿದವನು, ಅನುಭವದಿಂದಲೇ ಹೇಳುತ್ತಿದ್ದೇನೆ.

ಸಕಲೇಶಪುರದ ಒಂದು ಗ್ಯಾಸ್ ಏಜೆನ್ಸಿಯಲ್ಲಿ ನಾನು ಟೆಂಪೊ ಡ್ರೈವರ್ ಆಗಿದ್ದೆ. ಎಲ್ಲರ ಕೈಗೂ ಮೊಬೈಲ್ ಬರಲು ಶುರುವಾದ ವರ್ಷಗಳವು. ವಾರದಲ್ಲಿ ಮೂರು ದಿನ ಹಾನುಬಾಳು ಕಡೆ, ಮೂರು ದಿನ ಆಲೂರು, ಕೆ. ಹೊಸಕೋಟೆ ಕಡೆ. ಹಿಂದೆ ಸಿಲಿಂಡರ್‌ಗಳ ಜೊತೆ ಮಂಜಪ್ಪ. ನನಗಿಂತ ಹತ್ತು ವರ್ಷ ದೊಡ್ಡವನು, ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಎಸ್ಟೇಟಿನ ಏರು ಹತ್ತುವಾಗಲೂ ಬೀಡಿ ಸೇದಲಾಗದ ಬಗ್ಗೆ ಮಾತ್ರ ಬೇಸರ ಪಡುವವನು. ಯಾವ ಮನೆಗೆ ಯಾವ ದಾರಿ, ಯಾವ ಗೇಟಿನಲ್ಲಿ ನಾಯಿ, ಯಾವ ಇಳಿಜಾರಿನಲ್ಲಿ ಮಳೆಗಾಲದಲ್ಲಿ ಬ್ರೇಕ್ ಮುಟ್ಟಬಾರದು, ಎಲ್ಲ ನಮ್ಮಿಬ್ಬರ ತಲೆಯಲ್ಲಿತ್ತು. ಹದಿನಾಲ್ಕು ವರ್ಷ ಹಾಗೇ ನಡೆದಿತ್ತು.

ಒಂದು ಸೋಮವಾರ ಏಜೆನ್ಸಿಯ ಯಜಮಾನರಾದ ಡಿಸೋಜ ಅವರು ಬೆಂಗಳೂರಿನಿಂದ ಒಂದು ಸಿ.ಡಿ. ತಂದರು. ಮೂಲ ಮಂಗಳೂರಿನ ಕಡೆಯವರು, ಒಳ್ಳೆಯವರು, ಆದರೆ ಹೊಸದೇನು ಕಂಡರೂ ತಡೆದುಕೊಳ್ಳಲಾರರು. "ಇನ್ನು ಮುಂದೆ ನೀವು ತಲೆ ಕೆಡಿಸಿಕೊಳ್ಳುವುದು ಬೇಡ ಮಾರಾಯ. ಯಾವ ಮನೆ ಮೊದಲು, ಯಾವುದು ಆಮೇಲೆ, ಎಲ್ಲ ಕಂಪ್ಯೂಟರೇ ಹೇಳ್ತದೆ. ಡೀಸೆಲ್ ಉಳೀತದೆ," ಎಂದರು. ಕಂಪ್ಯೂಟರಿನ ಮುಂದೆ ಕೂರುವವಳು ಸುಮಿತ್ರಾ, ಆಲೂರಿನಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಅವಳು ರೂಟ್ ಶೀಟ್ ಅಂತ ಒಂದು ಪ್ರಿಂಟ್ ತೆಗೆದುಕೊಟ್ಟಳು. ಅದರಲ್ಲಿ ನನ್ನ ಹದಿನಾಲ್ಕು ವರ್ಷ ತಲೆಕೆಳಗಾಗಿ ನಿಂತಿತ್ತು.

ಆ ತಂತ್ರಾಂಶ ಮಾಡಿದ ಪುಣ್ಯಾತ್ಮರು ನಕ್ಷೆಯ ಮೇಲೆ ಸ್ಕೇಲು ಇಟ್ಟು ಗೆರೆ ಎಳೆದಿದ್ದರು ಎಂದು ಕಾಣುತ್ತದೆ. ನಮ್ಮ ಕಡೆ ಎದುರಿನ ಗುಡ್ಡದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿಗೆ ವಾಸನೆ ಬರುತ್ತದೆ, ಆದರೆ ಆ ಮನೆಗೆ ಹೋಗಬೇಕಾದರೆ ಮುಕ್ಕಾಲು ಗಂಟೆ ಸುತ್ತಬೇಕು. ಇದು ಬೆಂಗಳೂರಿನಲ್ಲಿ ಕುಳಿತವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಿಲ್ಲದಿದ್ದರೆ ಕೇಳಬಹುದಿತ್ತು. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ಮನೆಗೆ ಹೋಗಿ ಹೆಂಡತಿಗೆ ಹೇಳಿದರೆ ಅವಳು, "ನೀವು ನನ್ನ ಕೇಳಿ ಏನ್ ಮಾಡಿದೀರಿ ಇಲ್ಲಿಗಂಟ?" ಎಂದಳು. ಸಿಟ್ಟು ಇನ್ನೂ ಜಾಸ್ತಿಯಾಯಿತು.

ಎರಡು ವಾರ ಶೀಟನ್ನು ಜೇಬಿನಲ್ಲಿಟ್ಟುಕೊಂಡು ನನ್ನ ದಾರಿಯಲ್ಲೇ ಹೋದೆ. ಅದು ಗೊತ್ತಾಗಿ ಯಜಮಾನರು, "ಶೀಟಿನಲ್ಲಿ ಇದ್ದ ಹಾಗೇ ಹೋಗಬೇಕು," ಎಂದು ಗದರಿದರು. ಆಗ ನನ್ನ ತಲೆಯೊಳಗೆ ಒಂದು ಕೆಟ್ಟ ಯೋಚನೆ ಬಂತು. ಸರಿ, ಇದ್ದ ಹಾಗೇ ಹೋಗುತ್ತೇನೆ. ಆಗಲಿ ಒಂದು ಅನಾಹುತ. ಆಗ ಬುದ್ಧಿ ಬರುತ್ತದೆ.

ಮರುದಿನದ ಶೀಟಿನಲ್ಲಿ ಹಾನುಬಾಳಿನ ಆಚೆಯ ಒಂದು ಎಸ್ಟೇಟ್ ಆದಮೇಲೆ ಶಾರದಾ ಟೀಚರ್ ಮನೆ ಇತ್ತು. ದೂರ ಎರಡು ಕಿಲೋಮೀಟರ್ ಎಂದು ಬರೆದಿತ್ತು. ನಿಜವೇ, ಎರಡೇ ಕಿಲೋಮೀಟರ್. ಆದರೆ ನಡುವೆ ಒಂದು ಹಳ್ಳ, ಹಳ್ಳಕ್ಕೆ ಎರಡು ಮರದ ದಿಮ್ಮಿ ಹಾಕಿದ ಕಾಲುಸಂಕ. ಅದರ ಮೇಲೆ ಮನುಷ್ಯರು ದಾಟುವುದೇ ದೇವರನ್ನು ನೆನೆಸಿಕೊಂಡು. ನಾನು ಟೆಂಪೊವನ್ನು ಆ ಕಡೆಗೇ ತಿರುಗಿಸಿದೆ.

"ಎಲ್ಲಿಗೋ? ಅಲ್ಲಿ ದಾರಿ ಎಲ್ಲೈತೆ?" ಎಂದ ಮಂಜಪ್ಪ.

"ಶೀಟ್‌ನಲ್ಲಿ ಐತೆ."

"ಶೀಟ್‌ನಲ್ಲಿ ಇದ್ರೆ ಟೆಂಪೊ ಹಾರ್ತದಾ?"

"ಹಾರ್ತದೋ ಇಲ್ವೋ ಯಜಮಾನ್ರು ಬಂದು ನೋಡ್ಲಿ ಬಿಡು."

ಹಳ್ಳದವರೆಗೂ ಹೋಗಬೇಕಾಗಲಿಲ್ಲ. ಗದ್ದೆಯ ಅಂಚಿನಲ್ಲೇ ಹಿಂದಿನ ಎರಡೂ ಚಕ್ರ ಅರ್ಧದವರೆಗೆ ಕೆಸರಿಗೆ ಇಳಿದವು. ನಾನು ಬಾನೆಟ್ ಮೇಲೆ ಶೀಟನ್ನು ಹರಡಿ, ಗೆದ್ದವನ ಹಾಗೆ ಎದೆ ಉಬ್ಬಿಸಿ ನಿಂತೆ. ಮಂಜಪ್ಪ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ಎಸ್ಟೇಟಿನ ಟ್ರ್ಯಾಕ್ಟರ್ ಬಂದು ಎಳೆಯುವಷ್ಟರಲ್ಲಿ ಸಂಜೆ ನಾಲ್ಕಾಗಿತ್ತು. ಉಳಿದ ಮನೆಗಳಿಗೆ ಹೋಗದೆ ವಾಪಸ್ ಬಂದು, ಕೆಸರು ಮೆತ್ತಿದ ಶೀಟನ್ನು ಯಜಮಾನರ ಮೇಜಿನ ಮೇಲಿಟ್ಟೆ. ಆ ದಿನ ಊಟ ಬಹಳ ರುಚಿಯಾಗಿತ್ತು.

ಮಾರನೆಯ ಬೆಳಿಗ್ಗೆ ಸುತ್ತು ದಾರಿಯಲ್ಲಿ ಶಾರದಾ ಟೀಚರ್ ಮನೆಗೆ ಹೋದೆ. ಟೀಚರ್ ಮಗಳು ಹೆರಿಗೆಗೆ ಬಂದಿದ್ದಳು, ಮಗು ಹುಟ್ಟಿ ಹನ್ನೊಂದು ದಿನ. ಇದು ನನಗೆ ಗೊತ್ತಿತ್ತು. ಹಿಂದಿನ ವಾರವೇ ಟೀಚರ್ ದಾರಿಯಲ್ಲಿ ಸಿಕ್ಕಿ, ಬಾಣಂತಿ ಇದ್ದಾಳೆ, ಸೌದೆಯೆಲ್ಲ ನೆನೆದಿದೆ, ಸಿಲಿಂಡರ್ ತಪ್ಪಿಸಬೇಡ ಎಂದು ಹೇಳಿದ್ದರು. ನಾನು ಆಗಲಿ ಎಂದಿದ್ದೆ. ಕೆಸರಿನಲ್ಲಿ ಎದೆ ಉಬ್ಬಿಸಿ ನಿಂತಾಗ ಅದು ನೆನಪಾಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಾಗಿತ್ತು. ಒಂದು ದಿನ ತಾನೇ ಎಂದುಕೊಂಡಿದ್ದೆ.

ಮಂಜಪ್ಪ ಸಿಲಿಂಡರ್ ಒಳಗಿಟ್ಟ. ನಾನು ಅಭ್ಯಾಸದಂತೆ ಜಗುಲಿಯಲ್ಲಿ ಕೂರಲು ಹೋದರೆ ಕುರ್ಚಿ ಇರಲಿಲ್ಲ.

"ಅದನ್ನ ಒಡೆದು ನೀರು ಕಾಯಿಸ್ದೆ ಕಣಪ್ಪ," ಎಂದರು ಟೀಚರ್. "ನಿನ್ನೆ ನಿನ್ನ ದಾರಿ ಕಾದು ಕಾದು ಸಾಕಾಯ್ತು. ಒಣಗಿದ ಮರ ಅಂತ ಮನೇಲಿ ಇದ್ದಿದ್ದು ಅದೊಂದೇ."

ನಾನು ಕಂಪ್ಯೂಟರಿನ ಕಥೆಯನ್ನೆಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಉತ್ತರ ತಪ್ಪೆಂದು ಗೊತ್ತಿದ್ದೂ ಮಗು ಹೇಳಿ ಮುಗಿಸಲಿ ಎಂದು ಕಾಯುವವರಂತೆ.

"ಅಲ್ಲಿ ದಾರಿ ಇಲ್ಲ ಅಂತ ಕಂಪ್ಯೂಟರ್‌ಗೆ ಗೊತ್ತಿತ್ತಾ?"

"ಇಲ್ಲ ಟೀಚರ್."

"ನಿನಗೆ?"

"ಗೊತ್ತಿತ್ತು."

"ಹಂಗಾದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕಳ್ಳಿ, ನೀನೇ ಹೇಳು."

ಒಳಗೆ ಮಗು ಅಳುತ್ತಿತ್ತು. ನಾನು ನಿಂತೇ ಕಾಫಿ ಕುಡಿದು ಬಂದೆ. ಟೀಚರ್ ಬೈದಿದ್ದರೆ ಸುಲಭವಾಗುತ್ತಿತ್ತು.

ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಸೀದಾ ಆಫೀಸಿಗೆ ಹೋಗಿ ಯಜಮಾನರ ಮುಂದೆ ಕೂಗಾಡಿದೆ. ಗ್ಯಾಸ್ ಬಾರದೆ ಜನ ಕುರ್ಚಿ ಒಡೆದು ಉರಿಸುತ್ತಿದ್ದಾರೆ, ನಿಮಗೆ ಡೀಸೆಲ್ಲಿನ ಚಿಂತೆ, ಹದಿನಾಲ್ಕು ವರ್ಷ ಗಾಡಿ ಓಡಿಸಿದವನನ್ನು ಒಂದು ಮಾತು ಕೇಳಬಾರದಿತ್ತೇ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಕೇಳಬೇಕಿತ್ತು. ನನ್ನ ತಪ್ಪು ಅದು. ಆದರೆ ನೀನಾದರೂ ಹಳ್ಳದ ವಿಷಯ ಹೇಳಬಹುದಿತ್ತಲ್ಲ ಮಾರಾಯ. ಹೇಳದೆ ಗದ್ದೆಗೆ ಇಳಿಸಿದ್ದು ಯಾಕೆ?" ಎಂದರು. ಸರಿ, ಇವತ್ತಿನಿಂದಲೇ ಹೇಳುತ್ತೇನೆ ಎಂದು ಕೂಗಿ ಹೊರಗೆ ಬಂದೆ. ತಪ್ಪು ನಮ್ಮದೂ ಇದ್ದಾಗ ಬರುವ ಸಿಟ್ಟೇ ಬೇರೆ.

ಅಲ್ಲಿಂದ ಒಂದು ತಿಂಗಳು ದಿನಾ ಸಂಜೆ ಗಾಡಿ ನಿಲ್ಲಿಸಿ ಸುಮಿತ್ರಾಳ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಇಲ್ಲಿ ಹಳ್ಳ, ಇಲ್ಲಿ ದಾರಿ ಇಲ್ಲ, ಈ ಏರು ಮಳೆಗಾಲದಲ್ಲಿ ಬೇಡ, ಈ ಗೇಟು ಹತ್ತು ಗಂಟೆಯ ಮೇಲೆ ಬೀಗ. ಅವಳು ಟೈಪು ಮಾಡುತ್ತಾ, "ಅಣ್ಣಾ, ಇಷ್ಟೆಲ್ಲ ನಿಮ್ ತಲೇಲಿತ್ತಾ?" ಎಂದಾಗ ಮಾತ್ರ ಸಿಟ್ಟು ಸ್ವಲ್ಪ ಇಳಿಯುತ್ತಿತ್ತು. ಶಾರದಾ ಟೀಚರ್ ಮನೆಯನ್ನು ಆ ಕಡೆಯ ಪಟ್ಟಿಯಲ್ಲಿ ಮೊದಲಿಗೆ ಹಾಕಿಸಿದೆ. ಹಾಗೆಯೇ, ಯಾರಿಗೂ ತೊಂದರೆಯಾಗದಂತೆ, ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಗಾಡಿ ಹಾನುಬಾಳಿನ ಒಂದು ಹೋಟೆಲಿನ ಹತ್ತಿರ ಬರುವಂತೆಯೂ ನೋಡಿಕೊಂಡೆ. ಅಲ್ಲಿಯ ಮೀನು ಸಾರು ಚೆನ್ನಾಗಿರುತ್ತಿತ್ತು.

ಆರು ತಿಂಗಳಾದ ಮೇಲೆ ಯಜಮಾನರು ಇನ್ನೊಂದು ಟೆಂಪೊ ತೆಗೆದುಕೊಂಡು, ಹಾನುಬಾಳು ಕಡೆಗೆ ಹೊಸ ಡ್ರೈವರನ್ನು ಹಾಕಿದರು. ಚಂದ್ರೇಗೌಡ ಅಂತ, ಒಳ್ಳೆಯ ಕೆಲಸಗಾರ. ಮೂರನೆಯ ದಿನವೇ ಆಫೀಸಿಗೆ ಬಂದು ಶೀಟನ್ನು ಮೇಜಿನ ಮೇಲೆ ಕುಕ್ಕಿದ.

"ಬೆಳಿಗ್ಗೇನೇ ಮುಗಿಸಬೇಕಾದ ನಾಲ್ಕು ಮನೆ ಬುಟ್ಟು, ಒಂದು ಗಂಟೆಗೆ ಹೋಟೆಲ್ ಮುಂದೆ ತಂದು ನಿಲ್ಲಿಸ್ತದಲ್ಲ ಇದು, ಯಾವ ತಲೆಕೆಟ್ಟೋನು ಮಾಡಿದ್ದು ಕಣ್ರೀ?"

ಸುಮಿತ್ರಾ ಕೀಬೋರ್ಡಿನಿಂದ ಕೈ ತೆಗೆದು ನನ್ನ ಮುಖವನ್ನೇ ನೋಡಿದಳು.

"ಕಂಪ್ಯೂಟರ್ ಕಣಪ್ಪ," ಎಂದೆ ನಾನು. "ಅದಕ್ಕೇನ್ ಗೊತ್ತಾಗ್ತದೆ, ಬಿಡು."